ಹಬ್ಬದೂಟದ ಕಹಿ

ಬದಿಯಡ್ಕದ ನಮ್ಮ ಮನೆಯಲ್ಲಿ ಜೆಂಬರದ ಊಟವೆಂದರೆ ಹಾಗಲಕಾಯಿ ಮೆಣಸ್ಕಾಯಿ ಇರಲೇಬೇಕು. ಅದನ್ನು ಕಂಡರೆ ಮುಖ ಸಿಂಡರಿಸುವವರೂ ಪಂಕ್ತಿಯಲ್ಲಿ ಇದ್ದೇ ಇರುತ್ತಾರೆ. ಎಳ್ಳು, ಬೆಲ್ಲ, ಹುಣಸೆಹುಳಿ ಎಷ್ಟು ಸೇರಿದರೂ ಕಹಿ ಕಹಿಯೇ. ಬೇಡವೆಂದವರ ಎಲೆಯ ತುದಿಗೂ ನನ್ನ ಅಮ್ಮ ಒಂದು ಹೋಳನ್ನು ಬಡಿಸದೆ ಮುಂದೆ ಹೋದವರಲ್ಲ. ಡಿಸೆಂಬರ್ ತಿಂಗಳು ಮಗಳ ಜೊತೆಗಿರಲೆಂದು ಇಂಗ್ಲೆಂಡಿಗೆ ಹೋದಾಗ, ನೆರೆಮನೆಯವರ ಕ್ರಿಸ್ಮಸ್ ಊಟದಲ್ಲಿ ನನಗೆ ಅದೇ ಪಂಕ್ತಿಯ ನೆನಪಾಯಿತು. ಅಲ್ಲಿ ಹಾಗಲಕಾಯಿಯ ಸ್ಥಾನದಲ್ಲಿದ್ದದ್ದು ಬ್ರಸೆಲ್ಸ್ ಸ್ಪ್ರೌಟ್ಸ್.

ಸಣ್ಣ ನಿಂಬೆಹಣ್ಣಿನಷ್ಟಿರುವ ಇದು ನೋಡುವುದಕ್ಕೆ ಕ್ಯಾಬೇಜಿನ ಮರಿಯೇ ಸರಿ. ಕ್ಯಾಬೇಜ್, ಹೂಕೋಸು, ನವಿಲುಕೋಸುಗಳದ್ದೂ ಇದರದ್ದೂ ಒಂದೇ ಸಸ್ಯಜಾತಿ; ಇದರಲ್ಲಿ ಮಾತ್ರ ಎತ್ತರದ ದಂಟಿನುದ್ದಕ್ಕೂ ಒಂದೊಂದು ಎಲೆಯ ಬುಡದಲ್ಲಿ ಒಂದೊಂದು ಗಡ್ಡೆ ಕೂರುತ್ತದೆ. ಇಬ್ಬನಿ ಹೆಪ್ಪುಗಟ್ಟುವ ಚಳಿ ತಾಗಿದರೆ ರುಚಿ ಸಿಹಿಯ ಕಡೆಗೆ ತಿರುಗುವುದರಿಂದ, ಚಳಿಗಾಲದ ಹಬ್ಬಕ್ಕೆ ಇದು ಚೆನ್ನಾಗಿ ಒದಗಿಬರುತ್ತದೆ.

ದೂರುವವರ ಮಾತಿನಲ್ಲಿಯೂ ಹುರುಳಿದೆ. ಇದರ ಕಹಿಗೆ ಸಿನಿಗ್ರಿನ್, ಪ್ರೊಗೊಯಿಟ್ರಿನ್ ಎಂಬ ಗಂಧಕಯುಕ್ತ ಸಂಯುಕ್ತಗಳು ಕಾರಣವೆಂದು ನೆದರ್ಲೆಂಡ್ಸ್‌ನ ವಿಜ್ಞಾನಿ ಹಾನ್ಸ್ ವಾನ್ ಡೋರ್ನ್ 1990ರ ದಶಕದಲ್ಲಿ ಗುರುತಿಸಿದರು. ಆಮೇಲೆ ಬೀಜ ಕಂಪನಿಗಳು ಕಹಿ ಕಡಿಮೆಯಿದ್ದ ಹಳೆಯ ತಳಿಗಳನ್ನು ಹುಡುಕಿ, ಹೆಚ್ಚು ಇಳುವರಿಯ ತಳಿಗಳೊಂದಿಗೆ ಸಂಕರಗೊಳಿಸಿದವು. ಟಿಎಎಸ್2ಆರ್38 ಎಂಬ ವಂಶವಾಹಿಯ ಒಂದು ರೂಪವನ್ನು ಪಡೆದು ಹುಟ್ಟಿದವರ ನಾಲಿಗೆಗೆ ಈ ಬಗೆಯ ಕಹಿ ಇತರರಿಗಿಂತ ತೀವ್ರವಾಗಿ ತಾಗುತ್ತದೆ. ತಟ್ಟೆಯ ಬದಿಗೆ ಸರಿಸಿದ ಮಗುವನ್ನು ಗದರಿಸುವುದು ನ್ಯಾಯವಲ್ಲ.

ಆದರೆ ಇದನ್ನು ನೀರಿನಲ್ಲಿ ಬಹಳ ಹೊತ್ತು ಕುದಿಸುವುದು ತಪ್ಪು ಎಂದೇ ನಾನು ಹೇಳುತ್ತೇನೆ. ಅತಿಯಾಗಿ ಬೆಂದರೆ ಗಂಧಕದ ವಾಸನೆ ಮನೆಯೆಲ್ಲ ಹರಡುತ್ತದೆ, ಕೆಟ್ಟ ಹೆಸರು ತರಕಾರಿಗೆ ಬರುತ್ತದೆ. ಮರುದಿನ ಮಗಳ ಅಡುಗೆಮನೆಯಲ್ಲಿ ಅವನ್ನು ಎರಡು ಹೋಳು ಮಾಡಿ, ತೆಂಗಿನೆಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಒಣಮೆಣಸು, ಕರಿಬೇವಿನ ಒಗ್ಗರಣೆ ಸಿಡಿದ ಮೇಲೆ, ಕತ್ತರಿಸಿದ ಮುಖ ಬಾಣಲೆಗೆ ತಾಗುವಂತೆ ಕವುಚಿ ಹಾಕಿದೆ. ಅಂಚು ಕೆಂಪಗಾಗಿ, ಒಳಗಿನ ಪದರಗಳು ಇನ್ನೂ ಹಸಿರಾಗಿರುವಾಗಲೇ ಉಪ್ಪು ಬೆರೆಸಿ ಇಳಿಸಿ, ಕಾಯಿತುರಿ ಉದುರಿಸಿದೆ. ಅಳಿಯ ಎರಡನೆಯ ಸಲ ಬಡಿಸಿಕೊಂಡರು. ಮೊಮ್ಮಗಳು ಮಾತ್ರ, "ಅಜ್ಜಿ, ಇದಕ್ಕಿಂತ ಹಾಗಲಕಾಯಿಯೇ ವಾಸಿ" ಎಂದಳು.

ನಾನು ಒತ್ತಾಯಿಸಲಿಲ್ಲ. ಅವಳ ತಟ್ಟೆಯ ತುದಿಗೆ ಒಂದೇ ಒಂದು ಹೋಳನ್ನು ಇಟ್ಟು, ಪಾತ್ರೆಯನ್ನು ಅಳಿಯನ ಕಡೆಗೆ ಸರಿಸಿದೆ.