ತಿಮಿಂಗಿಲದ ಮೂಳೆಯ ಮೇಲೆ ನಿಂತ ಮನೆ

ಕ್ಯಾಲಿಫೋರ್ನಿಯಾಕ್ಕೆ ಬಂದು ಆರು ವರ್ಷವಾಯಿತು. ಊರಿನ ನೆನಪು ಕಾಡಿದಾಗ ನಾನು ಹೋಗುವ ಜಾಗ ಒಂದೇ, ಕಾರ್ಮೆಲ್ ಪಟ್ಟಣದ ದಕ್ಷಿಣಕ್ಕಿರುವ ಪಾಯಿಂಟ್ ಲೋಬೋಸ್ ಎಂಬ ಕಡಲಂಚಿನ ರಕ್ಷಿತ ಪ್ರದೇಶ. ಉತ್ತರ ಕನ್ನಡದ ಅಘನಾಶಿನಿ ನದಿಯ ದಡದಲ್ಲಿ ಬೆಳೆದವಳಿಗೆ ಈ ಕಡಲು ಮೊದಮೊದಲು ಕಡಲೆನ್ನಿಸಲೇ ಇಲ್ಲ. ಬೇಸಿಗೆಯಲ್ಲೂ ನೀರಿಗೆ ಕಾಲಿಟ್ಟರೆ ಮೂಳೆ ಕೊರೆಯುತ್ತದೆ. ಒಣಮೀನಿನ ವಾಸನೆಯಿಲ್ಲ, ಬಲೆ ಹೊಲೆಯುತ್ತ ಕುಳಿತವರಿಲ್ಲ. ಸೂರ್ಯನೊಬ್ಬ ಮಾತ್ರ ನಮ್ಮಲ್ಲಿಯಂತೆಯೇ ನೀರಿಗೆ ಇಳಿಯುತ್ತಾನೆ.

ಅದು ನನ್ನದಾದದ್ದು ಅಲ್ಲಿಯ ಸ್ವಯಂಸೇವಕರು ನಡೆಸುವ ನಡಿಗೆಗಳಿಂದ. ತರಬೇತಿ ಪಡೆದ ಸ್ಥಳೀಯರು, ಹೆಚ್ಚಿನವರು ನಿವೃತ್ತರು, ಸಣ್ಣ ಗುಂಪು ಕಟ್ಟಿಕೊಂಡು ದಾರಿಯುದ್ದಕ್ಕೂ ನಿಲ್ಲಿಸಿ ನಿಲ್ಲಿಸಿ ಕಥೆ ಹೇಳುತ್ತಾರೆ. ನನ್ನ ಮೊದಲ ನಡಿಗೆಯನ್ನು ನಡೆಸಿದವರು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಹಿರಿಯ ಮಹಿಳೆ. ಅವರು ಮೊದಲು ಮಾಡಿದ ಕೆಲಸ, ಚೀಲದಿಂದ ಕಡಲ ನೀರುನಾಯಿಯ ಚರ್ಮದ ತುಂಡೊಂದನ್ನು ತೆಗೆದು ನಮ್ಮ ಕೈಗಿಟ್ಟದ್ದು. ಬೆರಳು ತೂರಿಸಿದೆ. ಎಷ್ಟು ಒತ್ತಿದರೂ ತುಪ್ಪಳದ ಬುಡ ಸಿಗಲಿಲ್ಲ. ಒಂದು ಚದರ ಅಂಗುಲದಲ್ಲಿ ಹತ್ತು ಲಕ್ಷದವರೆಗೆ ಕೂದಲಿರುತ್ತದೆಯಂತೆ. ಸೀಲ್‌ಗಳಿಗೆ, ತಿಮಿಂಗಿಲಗಳಿಗೆ ಇರುವ ಕೊಬ್ಬಿನ ಪದರ ಇದಕ್ಕಿಲ್ಲ. ಆ ತಣ್ಣೀರಿನಲ್ಲಿ ಜೀವ ಉಳಿಸುವುದು ಈ ತುಪ್ಪಳವೇ. ಜೀವ ತೆಗೆದದ್ದೂ ಇದೇ. ತುಪ್ಪಳದ ವ್ಯಾಪಾರಕ್ಕಾಗಿ ಬೇಟೆಯಾಡಿ ಆಡಿ ಅಲ್ಲಿ ನೀರುನಾಯಿಯ ವಂಶವೇ ಮುಗಿಯಿತೆಂದು ಜನ ನಂಬಿದ್ದರು. 1938ರಲ್ಲಿ ದಕ್ಷಿಣದ ಬಿಕ್ಸ್‌ಬಿ ಹೊಳೆಯ ಬಾಯಲ್ಲಿ ಒಂದು ಹಿಂಡು ಕಣ್ಣಿಗೆ ಬಿತ್ತು. ಈಗ ಅಲ್ಲಿ ಕಾಣುವವೆಲ್ಲ ಹಾಗೆ ಉಳಿದವುಗಳ ಸಂತಾನ.

ಇಷ್ಟನ್ನೇ ಆಗಿದ್ದರೆ ಯಾವ ಫಲಕದಲ್ಲಾದರೂ ಓದಬಹುದಿತ್ತು. ಅವರು ಕಥೆಯನ್ನು ಅಲ್ಲಿಂದ ಮುಂದಕ್ಕೆ ಎಳೆದರು. ನೀರುನಾಯಿಗೆ ಅಬಲೋನಿ ಎಂಬ ದೊಡ್ಡ ಚಿಪ್ಪಿನ ಜೀವಿ ಬಲು ಇಷ್ಟ. ತಿನ್ನುವವರು ಹೋದ ಮೇಲೆ ಬಂಡೆಗಳ ತುಂಬ ಅಬಲೋನಿ ತುಂಬಿಕೊಂಡಿತು. ಅದನ್ನು ಕಂಡವರು 1850ರ ದಶಕದಲ್ಲಿ ಬಂದು ನೆಲೆಸಿದ ಚೀನೀ ಬೆಸ್ತರು. ಅವರ ಬಳಿಕ ಪೋರ್ಚುಗೀಸ್ ತಿಮಿಂಗಿಲ ಬೇಟೆಗಾರರು. 1890ರ ದಶಕದ ಕೊನೆಗೆ ಜಪಾನಿನಿಂದ ಗೆನ್ನೋಸುಕೆ ಕೊಡಾನಿ ಎಂಬ ಕಡಲ ಜೀವವಿಜ್ಞಾನಿ ಬಂದರು. ಬರಿಮೈಯಲ್ಲಿ ಮುಳುಗುವ ಜಪಾನೀ ಪದ್ಧತಿಗೆ ಆ ನೀರು ತೀರ ಚಳಿಯಾಗಿ, ಕಬ್ಬಿಣದಂತೆ ಭಾರವಾದ ಶಿರಸ್ತ್ರಾಣ ತೊಟ್ಟು ಇಳಿಯುವ ಮುಳುಗುಗಾರರು ಬಂದರು. ಚಿಪ್ಪಿನ ಮಾಂಸವನ್ನು ಡಬ್ಬಿಗೆ ತುಂಬುವ ಕಾರ್ಖಾನೆಯೂ ಎದ್ದಿತು.

ಚೀನೀಯರು ಕಟ್ಟಿದ ಒಂದು ಮರದ ಮನೆ ಇವತ್ತಿಗೂ ನಿಂತಿದೆ. ನಮ್ಮ ಕಡೆಯ ಬಲೆ ಇಡುವ ಗುಡಿಸಲಿಗಿಂತ ತುಸು ದೊಡ್ಡದಿರಬಹುದು, ಅಷ್ಟೆ. ನೆಲದ ತೊಲೆಗಳನ್ನು ಹೊತ್ತಿರುವುದರಲ್ಲಿ ಕಲ್ಲಿನ ಜೊತೆಗೆ ತಿಮಿಂಗಿಲದ ಬೆನ್ನುಮೂಳೆಗಳೂ ಇವೆ. ಕೈಗೆ ಸಿಕ್ಕಿದ್ದನ್ನು ಅಡಿಪಾಯ ಮಾಡಿಕೊಂಡ ಆ ಬಡವರ ಮನೆಯೇ ಈಗ ವಸ್ತುಸಂಗ್ರಹಾಲಯ. ಅರಮನೆಯಲ್ಲ, ಕೋಟೆಯಲ್ಲ. ಹಲಗೆಯ ನೆಲದ ಮೇಲೆ ನಿಂತಾಗ ನನಗೆ ಗಂಟಲು ಕಟ್ಟಿತು. ನಮ್ಮೂರಿನಲ್ಲಿ ಚರಿತ್ರೆ ಎಂದರೆ ಮಿರ್ಜಾನ್ ಕೋಟೆ, ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿ. ಅವು ಹೆಮ್ಮೆಯವೇ. ಆದರೆ ಮಂಡಿಯುದ್ದದ ಕೆಸರಿನಲ್ಲಿ ಬಳಚು ಎಂಬ ಚಿಪ್ಪಿನ ಜೀವಿ ಹೆಕ್ಕಿ ಮನೆ ನಡೆಸಿದ ನನ್ನ ಸೋದರತ್ತೆಯಂಥವರ ಚರಿತ್ರೆಯನ್ನು ಯಾರೂ ನಡಿಗೆಯ ದಾರಿಯಲ್ಲಿ ನಿಂತು ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಈ ಜಾಗ ಉಳಿದ ಬಗೆಯನ್ನೂ ಹೇಳಬೇಕು. ಒಂದು ಕಾಲದಲ್ಲಿ ಇದನ್ನು ನಿವೇಶನಗಳಾಗಿ ವಿಂಗಡಿಸಿ ಮಾರಾಟಕ್ಕೆ ಇಟ್ಟಿದ್ದರು. 1898ರಲ್ಲಿ ಇಲ್ಲಿ ಭೂಮಿ ಕೊಂಡ ಅಲೆಕ್ಸಾಂಡರ್ ಅಲನ್, ಮಾರಿಹೋದ ನಿವೇಶನಗಳನ್ನು ತಿರುಗಿ ಕೊಳ್ಳುತ್ತ ಬಂದರು. 1933ರಲ್ಲಿ ಇದು ಸರ್ಕಾರದ ರಕ್ಷಣೆಗೆ ಸೇರಿತು. 1960ರಲ್ಲಿ ನೀರಿನಡಿಯ ಭಾಗಕ್ಕೂ ರಕ್ಷಣೆ ಸಿಕ್ಕಿತು. ಇಂದು ಒಂದು ಚಿಪ್ಪನ್ನೂ ಜೇಬಿಗೆ ಹಾಕುವಂತಿಲ್ಲ.

ಕಳೆದ ಡಿಸೆಂಬರಿನಲ್ಲಿ ಊರಿಗೆ ಬಂದಾಗ ಅತ್ತೆಯನ್ನು ಕೇಳಿದೆ, ಮಕ್ಕಳನ್ನು ಕರೆದುಕೊಂಡು ಇಳಿತದ ಹೊತ್ತಿಗೆ ಅಳಿವೆಗೆ ಹೋಗೋಣವೇ ಎಂದು. ಕುಮಟಾ, ಹುಬ್ಬಳ್ಳಿ, ಬೆಂಗಳೂರಿನ ಮಕ್ಕಳು, ಒಟ್ಟು ಎಂಟು. "ನಾನೇನು ಹೇಳುವುದು ತಂಗೀ, ಎಲ್ಲರಿಗೂ ಗೊತ್ತಿರುವುದೇ" ಎಂದರು ಅತ್ತೆ. ಯಾರಿಗೂ ಗೊತ್ತಿರಲಿಲ್ಲ. 2024ರಲ್ಲಿ ಅಘನಾಶಿನಿ ಅಳಿವೆ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು ಪತ್ರಿಕೆ ಓದುವ ಮಕ್ಕಳಿಗೆ ತಿಳಿದಿತ್ತು. ಸೇರಿದ್ದೇಕೆ ಎನ್ನುವುದು ಅತ್ತೆಯ ಕಾಲಿಗೆ ತಿಳಿದಿತ್ತು.

ಅವರು ಬಗ್ಗಿ ಕೆಸರಿನ ಮೇಲೆ ಅಕ್ಕಪಕ್ಕದಲ್ಲಿದ್ದ ಎರಡು ಸಣ್ಣ ತೂತುಗಳನ್ನು ತೋರಿಸಿದರು. ಬಳಚು ಉಸಿರಾಡುವ ಜಾಗ ಅದು. ಬೆರಳಿಟ್ಟ ಕೂಡಲೇ ಚಿರ್ರನೆ ನೀರು ಚಿಮ್ಮಿತು, ಮಕ್ಕಳು ಕಿರುಚಿದರು. ಚಿಕ್ಕದು ಸಿಕ್ಕರೆ ಅತ್ತೆ ಅದನ್ನು ತಿರುಗಿ ಕೆಸರಿನಲ್ಲೇ ಒತ್ತಿಬಿಡುತ್ತಿದ್ದರು. ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಬೀಜ ತಾಯಿಮರದಲ್ಲಿ ನೇತಾಡುತ್ತಿರುವಾಗಲೇ ಮೊಳೆತು ಉದ್ದವಾಗಿ, ಆಮೇಲೆ ಬೀಳುವುದನ್ನು ತೋರಿಸಿದರು. ದಂಡೆಯಾಚೆಯ ಗಜನಿ ಎಂಬ ತಗ್ಗು ಗದ್ದೆಯಲ್ಲಿ ಉಪ್ಪುನೀರಿಗೂ ಸೋಲದ ಕಗ್ಗ ಭತ್ತ ಬೆಳೆಯುತ್ತಿದ್ದದ್ದು, ಭರತದ ನೀರನ್ನು ತಡೆಯಲು ಹಲಗೆಯ ಬಾಗಿಲು ಏರಿಸಿ ಇಳಿಸಲು ರಾತ್ರಿ ಲಾಟೀನು ಹಿಡಿದು ಓಡುತ್ತಿದ್ದದ್ದು, ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದದ್ದು, ಒಂದಕ್ಕೊಂದು ತಾನಾಗಿ ಹೆಣೆದುಕೊಳ್ಳುತ್ತ ಬಂತು. ಸಾಣಿಕಟ್ಟೆಯ ಉಪ್ಪಿನ ಮಾತು ಬಂದಾಗ 1930ರಲ್ಲಿ ಅಂಕೋಲೆಯಲ್ಲಿ ನಡೆದ ಉಪ್ಪಿನ ಸತ್ಯಾಗ್ರಹದ ಕಥೆಯನ್ನು ನಾನು ಸೇರಿಸಿದೆ. ನನ್ನ ಪಾಲು ಅಷ್ಟೇ.

ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾ ಕಾಡಿನೊಳಗೆ ಹಲಗೆಯ ಕಾಲುದಾರಿ ಬಂದಿದೆ. ಅಂಥ ದಾರಿಗಳಲ್ಲಿ ಅತ್ತೆಯಂಥವರು ಗೌರವಧನ ಪಡೆದು ಮುಂದೆ ನಡೆಯಬೇಕು, ನಾವು ಹಿಂದೆ ನಡೆಯಬೇಕು. ನನಗೆ ಇದು ತುಂಬ ಬೇಕಾಗಿದೆ.

ಅತ್ತೆ ಮಾತಿನ ನಡುವೆ ತಟ್ಟನೆ ನಿಂತರು. ನಮಗೆ ಏನೂ ಕಾಣಲಿಲ್ಲ. "ತಂಗೀ, ನೀರು ತಿರುಗಿತು, ನಡೆಯಿರಿ" ಎಂದರು. ದಡ ಮುಟ್ಟುವಷ್ಟರಲ್ಲಿ ನಾವು ನಿಂತಿದ್ದ ಜಾಗ ಮುಳುಗಿತ್ತು. ಮರುದಿನವೂ ಹೋಗೋಣವೆಂದು ಮಕ್ಕಳು ಹಟ ಹಿಡಿದು, ಎಷ್ಟು ಗಂಟೆಗೆ ಎಂದು ಕೇಳಿದರು.

"ಇವತ್ತಿಗಿಂತ ಮುಕ್ಕಾಲು ಗಂಟೆ ತಡವಾಗಿ" ಎಂದರು ಅತ್ತೆ, ಕಾಲಿನ ಕೆಸರು ತೊಳೆಯುತ್ತ.