ಬರೇ 45 ಅಂದ್ರ ಏನ್ರಿ, ನಿಮಿಷಾನಾ ಸೆಕೆಂಡಾ?

ಗಂಗಾವತಿ ಕಡೆ ಒಂದು ರೈಸ್ ಮಿಲ್‌ಗೆ ಭತ್ತದ ಡ್ರೈಯರ್ ಟೈಮರ್ ಕೋಡ್ ಬರಿಯಾಕತ್ತೀವಿ, ಗೋ (Go) ಅನ್ನೋ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್‌ನಾಗ. ಆಪರೇಟರ್ ಸ್ಕ್ರೀನ್ ಮ್ಯಾಲೆ 45 ಅಂತ ಹೊಡೀತಾನ, ಅವನ ತಲ್ಯಾಗ ಅದು ನಿಮಿಷ, ಆದ್ರ ಪ್ರೋಗ್ರಾಂಗೆ ಅದು ಬರೇ ಇಂಟಿಜರ್ (ಪೂರ್ಣ ಸಂಖ್ಯೆ), ಸೀದಾ ಡ್ಯೂರೇಶನ್ (ಗೋದಾಗ ಅವಧಿ ಇಡೋ ಟೈಪ್) ಮಾಡಿದ್ರ 45 ನ್ಯಾನೊಸೆಕೆಂಡ್ (ಸೆಕೆಂಡಿನ ನೂರು ಕೋಟಿ ಪಾಲಿನಾಗ ಒಂದು ಪಾಲು ಅಂದ್ರ ಒಂದು ನ್ಯಾನೊಸೆಕೆಂಡ್) ಆಗ್ತದ, ಡ್ರೈಯರ್ ಬಿಸಿ ಆಗೋದು ದೂರ ಉಳೀತು ಫ್ಯಾನ್ ಸೈತ ತಿರಗಂಗಿಲ್ಲ! ಗೋದಾಗ ಡ್ಯೂರೇಶನ್ ಅಂದ್ರ ಒಳಗ 64 ಬಿಟ್‌ನ ನ್ಯಾನೊಸೆಕೆಂಡ್ ಲೆಕ್ಕ ಅಷ್ಟ. ಸುಮಾರು 292 ವರ್ಷದ ತನಕ ಹಿಡೀತದ, ಮಿಲ್‌ಗೆ ಸಾಕು ಬಿಡ್ರಿ.

ಅದಕ್ಕ ಮೊದ್ಲು ಆ ಇಂಟಿಜರ್ ಇರೋ ಇಂಟ್ ವೇರಿಯಬಲ್‌ನ ಡ್ಯೂರೇಶನ್ ಟೈಪ್‌ಗೆ ಬದಲಿಸಿ, ಆಮ್ಯಾಲೆ ಒಂದು ನಿಮಿಷದ ಅವಧಿ ಆಗಿರೋ ಟೈಮ್.ಮಿನಿಟ್‌ನಿಂದ ಗುಣಿಸಬೇಕು. ಬದಲಿಸದ ಗುಣಿಸಿದ್ರ ಕಂಪೈಲರ್ ಒಪ್ಪಂಗಿಲ್ಲ. ಕಿರಿಕಿರಿ ಖರೆ, ಆದ್ರ ನನಗ ಇದ ಚಲೋ ಅನಸ್ತದ.

ಡ್ಯೂರೇಶನ್ನಿಂದ ಬರೇ ಅಂಕಿಗೆ ವಾಪಸ್ ಬರೋದು ಇನ್ನೂ ಮಜಾ. 45 ನಿಮಿಷಾನ ಸೀದಾ ಇಂಟ್64 (64 ಬಿಟ್ ಇಂಟಿಜರ್) ಮಾಡಿದ್ರ ನ್ಯಾನೊಸೆಕೆಂಡ್ ಲೆಕ್ಕದಾಗ 2.7 ಲಕ್ಷ ಕೋಟಿ ಬರ್ತದ, ಬಜೆಟ್ ಓದಿದಂಗ. ಟೈಮ್.ಮಿನಿಟ್‌ನಿಂದ ಭಾಗಿಸಿದ್ರ 45 ಬರ್ತದ, ಆದ್ರ ಟೈಪ್ ಇನ್ನೂ ಡ್ಯೂರೇಶನ್ನ, ಪ್ರಿಂಟ್ ಮಾಡಿದ್ರ 45 ನ್ಯಾನೊಸೆಕೆಂಡ್ ಅಂತ ತೋರಸ್ತದ, ಅದಕ್ಕ ಭಾಗಿಸಿದ ಮ್ಯಾಲೆ ಇಂಟ್64 ಮಾಡ್ರಿ. 45 ನಿಮಿಷ 50 ಸೆಕೆಂಡ್ ಇದ್ರ ಆ 50 ಹೋಗೇ ಬಿಡ್ತದ. ಅದೂ ಬೇಕಂದ್ರ ಮಿನಿಟ್ಸ್ ಮೆಥಡ್ ಅದ, ಫ್ಲೋಟ್ (ದಶಾಂಶದ ಅಂಕಿ) ಕೊಡ್ತದ. ನಾವಂತೂ ಡೇಟಾಬೇಸ್‌ನಾಗ ಪೂರ್ಣ ಸೆಕೆಂಡ್ ಇಡ್ತೀವಿ, ಕಾಲಂ ಹೆಸರಿನಾಗ ಸೆಕೆಂಡ್ ಅಂತ ಸೇರಿಸೇ.