ಬೂದಿ ಬುಧವಾರ, ಬಂಗಡೆ ಮತ್ತು ಇನ್ನೂರು ರೂಪಾಯಿ

ಬೂದಿ ಬುಧವಾರದ ಸಂಜೆ ಕಾರವಾರದ ಇಗರ್ಜಿಯಲ್ಲಿ ಹಣೆ ಒಡ್ಡಿ ನಿಂತಿದ್ದೆ. ಫಾದರ್ ಹೆಬ್ಬೆರಳಿನಲ್ಲಿ ಶಿಲುಬೆಯ ಗುರುತೆಳೆದು, "ನೀನು ಮಣ್ಣು, ಮಣ್ಣಿಗೇ ಮರಳುವೆ" ಅಂದರು. ಒಂದಿಷ್ಟು ಪುಡಿ ಮೂಗಿನ ಮೇಲೆ ಉದುರಿತು. ಹೋದ ವರ್ಷ ಗರಿಗಳ ಭಾನುವಾರ ನಾವು ಎತ್ತಿ ಹಿಡಿದು ಹೊಸಾನ್ನ ಹಾಡಿದ ಗರಿಗಳನ್ನೇ ಸುಟ್ಟು ಮಾಡಿದ ಬೂದಿ ಅದು.

ಅಲ್ಲಿಂದ 40 ದಿನ ತಪಸ್ಸುಕಾಲ, ಈಸ್ಟರ್‌ಗೆ ಮುಂಚಿನ ಉಪವಾಸ, ಪಶ್ಚಾತ್ತಾಪದ ದಿನಗಳು. ಶುಕ್ರವಾರ ಮಾಂಸ ವರ್ಜ್ಯ, ಮೀನಿಗೆ ಅಡ್ಡಿಯಿಲ್ಲ. ಈ ನಿಯಮ ಮಾಡಿದವರು ಕಾರವಾರದ ಬಂಗಡೆ ಸಾರು ಉಂಡವರಲ್ಲ ಅಂತ ನಮ್ಮ ಮನೆಯಲ್ಲೊಂದು ತಮಾಷೆ. ಕೋಳಿ ಬಿಟ್ಟು ಬಂಗಡೆ ತಿನ್ನುವುದನ್ನು ತ್ಯಾಗ ಅನ್ನಲು ನನಗಂತೂ ನಾಚಿಕೆ.

ನನ್ನ ಪಾಪವೂ ಬಂಗಡೆಯದ್ದೇ. ಕ್ರಿಸ್‌ಮಸ್‌ಗೆ ಮುಂಚೆ ಮೀನು ಮಾರುಕಟ್ಟೆಯಲ್ಲಿ ಒಬ್ಬ ಅಕ್ಕನ ಮೇಲೆ ಕೂಗಾಡಿದ್ದೆ, ಚಿಲ್ಲರೆಯಲ್ಲಿ ಇನ್ನೂರು ಕಡಿಮೆ ಕೊಟ್ಟಳು ಅಂತ. ಜನ ಸೇರಿದರು. ಆಕೆ ತುಟಿ ಬಿಚ್ಚದೆ ಸೊಂಟದ ಚೀಲದಿಂದ ಇನ್ನೂರರ ನೋಟು ತೆಗೆದು ಕೊಟ್ಟಳು. ಮನೆಗೆ ಬಂದು ಅಂಗಿ ಬಿಚ್ಚಿದರೆ ಮೇಲಿನ ಜೇಬಿನಲ್ಲಿ ನಾಲ್ಕು ಮಡಿಕೆಯಾಗಿ ಇನ್ನೂರರ ಇನ್ನೊಂದು ನೋಟು. ಅವತ್ತಿನಿಂದ ಬೇರೆ ಸಾಲಿನಲ್ಲಿ ಮೀನು ಕೊಂಡೆ.

ಕುಮ್ಸಾರದಲ್ಲಿ, ಅಂದರೆ ಫಾದರ್ ಮುಂದೆ ಪಾಪ ಒಪ್ಪಿಕೊಳ್ಳುವಾಗ, ಇದನ್ನು ಹೇಳಿ, "ತಪ್ಪಾಯ್ತು ಫಾದರ್" ಅಂದೆ. ಅವರು ಕೇಳಿದ್ದು ಒಂದೇ: "ದುಡ್ಡು ವಾಪಸ್ ಕೊಟ್ಟಿರಾ?"

ಈ 'ತಪ್ಪಾಯ್ತು' ಎಷ್ಟು ಅನುಕೂಲದ ಮಾತು ನೋಡಿ. ಮಳೆ ಬಂತು, ಕರೆಂಟ್ ಹೋಯ್ತು, ತಪ್ಪಾಯ್ತು. ಅದರಲ್ಲಿ ಮಾಡಿದವನೇ ಇಲ್ಲ. ಪೂಜೆಯ ಮೊದಲಿಗೆ ಎದೆ ಬಡಿದುಕೊಂಡು ನನ್ನ ದೋಷ, ನನ್ನ ದೋಷ ಎಂದು ಹೇಳಿಸುವುದು ಬಹುಶಃ ಆ 'ನಾನು' ತಪ್ಪಿಸಿಕೊಳ್ಳದಿರಲಿ ಅಂತಲೇ. ಕಾಣಿಕೆ ತಂದವನಿಗೆ ಸಹೋದರನ ಮನಸ್ತಾಪ ನೆನಪಾದರೆ ಅದನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಹೋಗಿ ರಾಜಿಯಾಗಲಿ ಎಂದು ಬೈಬಲ್ಲಿನ ಮತ್ತಾಯನ 5ನೇ ಅಧ್ಯಾಯದಲ್ಲಿ ಯೇಸು ಹೇಳುತ್ತಾನೆ. ಎಷ್ಟು ಸಲ ಕೇಳಿದ ವಾಕ್ಯ! ಅದರಲ್ಲಿ ಮೀನು ಮಾರುಕಟ್ಟೆಯೂ ಸೇರುತ್ತದೆ ಅಂತ ಅನಿಸಿರಲಿಲ್ಲ.

ಅದೇ ಬೈಬಲ್ಲಿನ ಜಕ್ಕಾಯನು, ಸುಂಕ ವಸೂಲಿಯವರ ಮುಖ್ಯಸ್ಥ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಅಂದವನು. ನಾನೂ 800 ರೂಪಾಯಿ ಲಕೋಟೆಗೆ ಹಾಕಿದೆ. ಹಾಕುವಾಗಲೇ, ಮುಂದೆ ಇದನ್ನು ಯಾರಿಗೆ ಹೇಗೆ ಹೇಳಬಹುದು ಎಂದು ಮನಸ್ಸು ಮಾತು ಜೋಡಿಸುತ್ತಿತ್ತು. ಯೇಸು ಹೇಳಿದ ಕತೆಯಲ್ಲಿ ದೇವಾಲಯದಲ್ಲಿ ನಿಂತು, ವಾರಕ್ಕೆ ಎರಡು ಉಪವಾಸ, ಹತ್ತರಲ್ಲೊಂದು ದಾನ ಎಂದು ಲೆಕ್ಕ ಒಪ್ಪಿಸಿದ ಫರಿಸಾಯ, ತನ್ನ ಧರ್ಮನಿಷ್ಠೆಗೆ ಬೀಗುವವನು, ಬೇರೆ ಯಾರೂ ಅಲ್ಲ, ನಾನೇ. ಅದೇ ಕತೆಯಲ್ಲಿ ದೂರ ನಿಂತು ತಲೆ ಎತ್ತದ ಸುಂಕದವನ ಹತ್ತಿರ ಲಕೋಟೆ ಇರಲಿಲ್ಲ. 600 ತೆಗೆದಿಟ್ಟೆ.

ಶನಿವಾರ ಹೋದೆ. ಆಕೆ ಬುಟ್ಟಿಯ ಬಂಗಡೆಗೆ ನೀರು ಚಿಮುಕಿಸುತ್ತಿದ್ದಳು. ಬಗ್ಗಿ, ಮೆಲ್ಲಗೆ, "ಅಕ್ಕಾ, ಆವತ್ತು ನಾನು ತಪ್ಪು ಮಾಡಿದೆ, ದುಡ್ಡು ನನ್ನ ಜೇಬಲ್ಲೇ ಇತ್ತು" ಎಂದು ನೋಟು ಚಾಚಿದೆ.

ಆಕೆ ನೋಟು ಮುಟ್ಟಲಿಲ್ಲ. "ಕೂಗುವಾಗ ಇಡೀ ಪೇಟೆಗೆ ಕೇಳಿತ್ತು ತಮ್ಮಾ. ಈಗ್ಯಾಕೆ ಗುಸುಗುಸು?"

ಕಿವಿ ಬಿಸಿಯಾಯಿತು. ನೆಟ್ಟಗೆ ನಿಂತು, ಅದೇ ಮಾತನ್ನು ಗಟ್ಟಿಯಾಗಿ ಹೇಳಿದೆ. ಪಕ್ಕದವಳು ಮೀನು ಕೊಯ್ಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಅಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನೋಟು ತೆಗೆದುಕೊಂಡಳು.